ಆರಿಸಿದ ಎಲ್‌ಇಡಿ ದೀಪ ಮಿನುಗುವುದೇಕೆ?

ಸ್ವಿಚ್ಚನ್ನು ಆಫ್ ಮಾಡಿದ ಮೇಲೂ ಎಲ್‌ಇಡಿ ದೀಪವು ಕೆಲವು ಸೆಕೆಂಡುಗಳಿಗೊಮ್ಮೆ ಮಿಂಚುವುದು, ಇಲ್ಲವೇ ಇಡೀ ರಾತ್ರಿ ಮಬ್ಬಾಗಿ ಬೆಳಗುತ್ತಿರುವುದು ಇಂದು ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. 2015ರ ಜನವರಿ 5ರಂದು ಕೇಂದ್ರ ಸರ್ಕಾರವು ಆರಂಭಿಸಿದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ವಿತರಣೆಯಾದವು. ಹಳೆಯ ತಂತುದೀಪಗಳು ಹೋಗಿ ಹೊಸ ದೀಪಗಳು ಬಂದವು. ಆದರೆ ಗೋಡೆಯೊಳಗಿನ ವೈರಿಂಗು ಬಹುಪಾಲು ಮನೆಗಳಲ್ಲಿ ಹಳೆಯದೇ ಆಗಿ ಉಳಿಯಿತು. ಅದರಲ್ಲಿ ಮೊದಲಿನಿಂದಲೂ ಇದ್ದ ಕೆಲವು ದೋಷಗಳನ್ನು ತಂತುದೀಪಗಳು ತೋರಿಸುತ್ತಿರಲಿಲ್ಲ. ಎಲ್‌ಇಡಿ ದೀಪಗಳು ತೋರಿಸುತ್ತಿವೆ.

ಇದನ್ನು ಕಂಡ ಮನೆಯವರು ಬಲ್ಬು ಕೆಟ್ಟಿದೆಯೆಂದು ಭಾವಿಸಿ ಎಸೆಯುವುದುಂಟು. ಏನೂ ಆಗದೆಂದು ಸುಮ್ಮನಿರುವುದೂ ಉಂಟು. ಎರಡೂ ಸರಿಯಲ್ಲ. ಈ ಮಿನುಗಿಗೆ ಇರುವ ಕಾರಣಗಳಲ್ಲಿ ಹೆಚ್ಚಿನವು ನಿರಪಾಯಕರ, ಆದರೆ ಒಂದು ಪ್ರಾಣಾಪಾಯಕರ. ದೀಪವನ್ನು ನೋಡಿದ ಮಾತ್ರಕ್ಕೆ ಇವುಗಳಲ್ಲಿ ಯಾವುದೆಂದು ಹೇಳಲಾಗದು. ಪ್ರೌಢಶಾಲೆಯ ವಿಜ್ಞಾನದಲ್ಲಿ ಗೃಹಬಳಕೆಯ ವಿದ್ಯುತ್ ಮಂಡಲವನ್ನು ಬೋಧಿಸುವಾಗ ಈ ನಿತ್ಯದ ಉದಾಹರಣೆಯನ್ನು ಬಳಸಿಕೊಂಡರೆ ಸಜೀವ ತಂತಿ, ತಟಸ್ಥ ತಂತಿ, ಸ್ವಿಚ್ಚಿನ ಸ್ಥಾನ ಎಂಬ ಪಾಠಾಂಶಗಳು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾಗುತ್ತವೆ. ಮನೆಯ ಸುರಕ್ಷತೆಗೂ ಅದರಿಂದ ಪ್ರಯೋಜನವಿದೆ.

ತಂತುದೀಪದಲ್ಲಿ ಕಾಣದ್ದು ಎಲ್‌ಇಡಿಯಲ್ಲಿ ಕಾಣುವುದೇಕೆ?

ಸ್ವಿಚ್ಚು ಆಫ್ ಆದಾಗ ಮಂಡಲವು ಕಡಿಯುತ್ತದೆ, ಪ್ರವಾಹವು ಶೂನ್ಯವಾಗುತ್ತದೆ ಎಂಬುದು ಪಾಠದ ಸರಳ ಹೇಳಿಕೆ. ವಾಸ್ತವದಲ್ಲಿ ಅತ್ಯಲ್ಪ ಪ್ರವಾಹವು ಬೇರೆ ದಾರಿಗಳಿಂದ ದೀಪವನ್ನು ತಲುಪಬಹುದು. ಅದರ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ. 60 ವ್ಯಾಟಿನ ತಂತುದೀಪವು 230 ವೋಲ್ಟಿನಲ್ಲಿ ಉರಿಯುವಾಗ ಸುಮಾರು 260 ಮಿಲಿಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದರ ತಂತು ಬೆಳಗಬೇಕಾದರೆ ಮೊದಲು ಕೆಂಪಗೆ ಕಾಯಬೇಕು. ತಣ್ಣಗಿರುವಾಗ ತಂತುವಿನ ರೋಧವು ಸುಮಾರು 70 ಓಮ್ ಎಂದಿಟ್ಟುಕೊಂಡು, ಅದರ ಮೂಲಕ 0.07 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆಂದು ಲೆಕ್ಕ ಹಾಕಿದರೆ, ಉಂಟಾಗುವ ಸಾಮರ್ಥ್ಯವು ಒಂದು ವ್ಯಾಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟರಿಂದ ತಂತು ಬೆಚ್ಚಗೂ ಆಗದು.

ಎಲ್‌ಇಡಿಯು ಕಾಯ್ದು ಬೆಳಗುವ ವಸ್ತುವಲ್ಲ. ಅರೆವಾಹಕದ ಮೂಲಕ ಪ್ರವಾಹ ಹರಿದಾಗ ಅದು ನೇರವಾಗಿ ಬೆಳಕನ್ನು ಹೊರಸೂಸುತ್ತದೆ; ಮಿಲಿಆಂಪಿಯರಿನ ಸಣ್ಣ ಭಾಗವೂ ಕತ್ತಲಲ್ಲಿ ಕಾಣುವಷ್ಟು ಬೆಳಕನ್ನು ಕೊಡಬಲ್ಲದು. ಕೆಲವು ಬಲ್ಬುಗಳು ಆರಿಸಿದಾಗ ಒಂದೇ ಸಮನೆ ಮಬ್ಬಾಗಿ ಕಾಣುವುದಕ್ಕೆ ಇದೇ ಕಾರಣ.

ಆಗಾಗ ಮಿಂಚುವ ಬಲ್ಬುಗಳಲ್ಲಿ ಇನ್ನೊಂದು ಕ್ರಿಯೆ ಸೇರಿಕೊಂಡಿರುತ್ತದೆ. ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಮಂಡಲವಿದೆ. ಅದು ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಮಾರ್ಪಡಿಸಿ, ಒಂದು ಕೆಪಾಸಿಟರಿನಲ್ಲಿ ಶೇಖರಿಸಿ, ಎಲ್‌ಇಡಿಗಳಿಗೆ ಒದಗಿಸುತ್ತದೆ. ಸ್ವಿಚ್ಚು ಆಫ್ ಆಗಿರುವಾಗ ಬರುವ ಅಲ್ಪ ಪ್ರವಾಹವು ಈ ಕೆಪಾಸಿಟರಿನಲ್ಲಿ ನಿಧಾನವಾಗಿ ತುಂಬುತ್ತದೆ. ವಿಭವಾಂತರವು ಡ್ರೈವರ್ ಕೆಲಸ ಆರಂಭಿಸುವ ಮಟ್ಟಕ್ಕೆ ಏರಿದಾಗ ಶೇಖರಣೆಯೆಲ್ಲ ಒಮ್ಮೆಲೇ ಎಲ್‌ಇಡಿಗೆ ಹರಿದು ದೀಪ ಮಿಂಚುತ್ತದೆ, ಕೆಪಾಸಿಟರು ಬರಿದಾಗುತ್ತದೆ, ಮತ್ತೆ ತುಂಬತೊಡಗುತ್ತದೆ. ಸೋರುವ ನಲ್ಲಿಯ ಕೆಳಗಿಟ್ಟ ಚೊಂಬು ಹನಿಹನಿಯಾಗಿ ತುಂಬುವುದನ್ನೂ, ತುಂಬಿದಾಗಲೆಲ್ಲ ಅದನ್ನು ಒಮ್ಮೆಗೇ ಚೆಲ್ಲುವುದನ್ನೂ ಇಲ್ಲಿ ಹೋಲಿಕೆಯಾಗಿ ಕೊಡಬಹುದು.

ಹತ್ತನೆಯ ತರಗತಿಯಲ್ಲಿ ಇದರ ಸ್ಥೂಲ ಲೆಕ್ಕವನ್ನೂ ಮಾಡಿಸಬಹುದು. ಕೆಪಾಸಿಟರಿನ ಧಾರಕತೆ 4.7 ಮೈಕ್ರೋಫ್ಯಾರಡ್, ಡ್ರೈವರ್ ಆರಂಭವಾಗುವುದು 100 ವೋಲ್ಟಿನಲ್ಲಿ, ಬರುವ ಪ್ರವಾಹ 0.07 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ತುಂಬಬೇಕಾದ ವಿದ್ಯುದಾವೇಶ 0.47 ಮಿಲಿಕೂಲಂಬ್. ಅದನ್ನು 0.07ರಿಂದ ಭಾಗಿಸಿದರೆ ಸುಮಾರು 6.7 ಸೆಕೆಂಡು. ಅಂದರೆ ಆರೇಳು ಸೆಕೆಂಡುಗಳಿಗೊಮ್ಮೆ ಒಂದು ಮಿಂಚು. ಮನೆಗಳಲ್ಲಿ ಕಾಣುವುದೂ ಇಂಥದೇ ಅಂತರವನ್ನು.

ಅಲ್ಪ ಪ್ರವಾಹ ಬರುವ ದಾರಿಗಳು

ಮೊದಲನೆಯದು ಸೂಚಕ ದೀಪವಿರುವ ಸ್ವಿಚ್ಚು. ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆಯೆಂದು ಕಾಣಲೆಂದು ಕೆಲವು ಸ್ವಿಚ್ಚುಗಳಲ್ಲಿ ಪುಟ್ಟ ಕೆಂಪು ಅಥವಾ ಕಿತ್ತಳೆ ಬಣ್ಣದ ನಿಯಾನ್ ದೀಪವಿರುತ್ತದೆ. ಸ್ವಿಚ್ಚು ಆಫ್ ಆಗಿರುವಾಗ ಬೆಳಗುವ ಸೂಚಕವು ತನಗೆ ಬೇಕಾದ ಪ್ರವಾಹವನ್ನು ಬಲ್ಬಿನ ಮೂಲಕವೇ ಪಡೆಯುತ್ತದೆ. ಅರ್ಧದಿಂದ ಒಂದು ಮಿಲಿಆಂಪಿಯರಿನ ಆಸುಪಾಸಿನ ಈ ಪ್ರವಾಹ ಎಲ್‌ಇಡಿಯನ್ನು ಮಿನುಗಿಸಲು ಸಾಕು. ಟಚ್ ಸ್ವಿಚ್ಚು, ರಿಮೋಟ್ ಸ್ವಿಚ್ಚು, ಚಲನೆಯನ್ನು ಗುರುತಿಸುವ ಸೆನ್ಸರ್ ಸ್ವಿಚ್ಚುಗಳಲ್ಲಿಯೂ ಹಲವು ಇದೇ ರೀತಿಯಲ್ಲಿ ಬಲ್ಬಿನ ಮೂಲಕ ತಮ್ಮ ಪ್ರವಾಹವನ್ನು ಪಡೆಯುತ್ತವೆ.

ಎರಡನೆಯದು ಉದ್ದನೆಯ ವೈರಿಂಗು. ಎರಡು ತಂತಿಗಳು ಒಂದೇ ಪೈಪಿನಲ್ಲಿ ಒತ್ತಾಗಿ ಸಾಗಿದಾಗ ಅವುಗಳ ನಡುವೆ ಸಹಜವಾಗಿಯೇ ಒಂದು ಕೆಪಾಸಿಟರು ಏರ್ಪಡುತ್ತದೆ. ಪರ್ಯಾಯ ವಿದ್ಯುತ್ತು ಇದರ ಮೂಲಕ ಅಲ್ಪವಾಗಿ ದಾಟಬಲ್ಲದು. ಸುಮಾರು 20 ಮೀಟರ್ ಉದ್ದದ ಜೋಡಿ ತಂತಿಗಳ ನಡುವೆ 1000 ಪಿಕೋಫ್ಯಾರಡ್ ಧಾರಕತೆ ಇದೆಯೆಂದು ಹಿಡಿದರೆ, 50 ಹರ್ಟ್ಸ್‌ನಲ್ಲಿ ಅದರ ಪ್ರತಿರೋಧ ಸುಮಾರು 32 ಲಕ್ಷ ಓಮ್. ಆಗ 230 ವೋಲ್ಟಿನಿಂದ ಸುಮಾರು 0.07 ಮಿಲಿಆಂಪಿಯರ್ ಹರಿಯುತ್ತದೆ. ಮೇಲಿನ ಲೆಕ್ಕಗಳಲ್ಲಿ ಬಳಸಿದ್ದು ಈ ಪ್ರವಾಹವನ್ನೇ. ಮೆಟ್ಟಿಲಿನ ಕೆಳಗೂ ಮೇಲೂ ಒಂದೊಂದು ಸ್ವಿಚ್ಚಿರುವ ದೀಪಗಳಲ್ಲಿ ಇದು ಹೆಚ್ಚು, ಏಕೆಂದರೆ ಎರಡು ಸ್ವಿಚ್ಚುಗಳ ನಡುವೆ ಸಾಗುವ ಜೋಡಿ ತಂತಿಗಳಲ್ಲಿ ಒಂದು ಸದಾ ಸಜೀವವಾಗಿರುತ್ತದೆ. ತೋಟದ ಮನೆಗಳಲ್ಲಿ ಅಂಗಳದ ಕೊನೆಯ ದೀಪ, ಕೊಟ್ಟಿಗೆಯ ದೀಪ, ಪಂಪುಶೆಡ್ಡಿನ ದೀಪಗಳಿಗೆ ಮನೆಯೊಳಗಿನಿಂದ ತಂತಿ ಎಳೆದಿದ್ದರೆ ಅಲ್ಲಿಯೂ ಇದನ್ನು ನಿರೀಕ್ಷಿಸಬಹುದು.

ಮೂರನೆಯದು ತೇವ. ಕಾಸರಗೋಡು, ಮಂಜೇಶ್ವರ ತಾಲೂಕುಗಳಂತಹ ಹೆಚ್ಚು ಮಳೆಯ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ನೀರು ಹೀರಿ ಒದ್ದೆಯಾಗುತ್ತವೆ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ನೀರಿನ ಪಸೆ, ಧೂಳು, ಇರುವೆಗಳ ಮಣ್ಣು ಸೇರಿದರೆ ಅದರ ಮೇಲ್ಮೈಯಲ್ಲಿ ಪ್ರವಾಹ ಜಿನುಗುತ್ತದೆ. ಮಳೆಗಾಲದಲ್ಲಿ ಮಿನುಗಿ ಬೇಸಿಗೆಯಲ್ಲಿ ಸುಮ್ಮನಾಗುವ ದೀಪವಿದ್ದರೆ ಇದನ್ನು ಮೊದಲು ಶಂಕಿಸಬೇಕು. ಒಳಗೆ ನೀರು ಸೇರುತ್ತಿರುವುದು ಮುಂದೆ ದೊಡ್ಡ ಸೋರಿಕೆಗೆ ದಾರಿಯಾಗುವುದರಿಂದ ಇದನ್ನು ಅಲಕ್ಷಿಸಬಾರದು.

ಅಪಾಯದ ಕಾರಣ: ತಟಸ್ಥ ತಂತಿಯಲ್ಲಿರುವ ಸ್ವಿಚ್ಚು

ಸ್ವಿಚ್ಚು ಯಾವಾಗಲೂ ಸಜೀವ ತಂತಿಯಲ್ಲಿರಬೇಕು ಎಂಬುದು ವೈರಿಂಗಿನ ಮೂಲ ನಿಯಮ. ಪಾಠದಲ್ಲಿ ಈ ವಾಕ್ಯವನ್ನು ಓದಿದ ವಿದ್ಯಾರ್ಥಿಗಳು ಅದರ ಕಾರಣವನ್ನು ಕೇಳುವುದು ಕಡಿಮೆ. ಸ್ವಿಚ್ಚು ತಟಸ್ಥ ತಂತಿಯಲ್ಲಿದ್ದರೂ ದೀಪ ಸರಿಯಾಗಿ ಹತ್ತುತ್ತದೆ, ಆರುತ್ತದೆ. ನೋಡುವವರಿಗೆ ಏನೂ ವ್ಯತ್ಯಾಸ ತೋರದು. ಆದರೆ ದೀಪ ಆರಿದ ಮೇಲೂ ಸಜೀವ ತಂತಿಯು ಹೋಲ್ಡರಿನವರೆಗೆ ತಲುಪಿರುತ್ತದೆ. ಹೋಲ್ಡರಿನ ಲೋಹದ ಮೊನೆಗಳು ಭೂಮಿಗೆ ಸಂಬಂಧಿಸಿದಂತೆ 230 ವೋಲ್ಟಿನಲ್ಲಿರುತ್ತವೆ.

ಇಂತಹ ಮಂಡಲದಲ್ಲಿ ದೀಪದಿಂದ ಸ್ವಿಚ್ಚಿಗೆ ಇಳಿದು ಬರುವ ತಂತಿಯು ಗೋಡೆಯೊಂದಿಗೂ ಪಕ್ಕದ ಭೂಸಂಪರ್ಕ ತಂತಿಯೊಂದಿಗೂ ಕೆಪಾಸಿಟರಿನಂತೆ ವರ್ತಿಸುತ್ತದೆ. ಸಜೀವ ತಂತಿಯಿಂದ ಬಲ್ಬಿನ ಮೂಲಕ ಹೊರಟ ಅಲ್ಪ ಪ್ರವಾಹ ಅಲ್ಲಿ ಭೂಮಿಗೆ ಸೇರುತ್ತದೆ. ಹೊರಗೆ ಕಾಣುವುದು ಮತ್ತೆ ಅದೇ ಮಬ್ಬು ಬೆಳಕು, ಅದೇ ಮಿನುಗು.

ಎರಡು ಸಂದರ್ಭಗಳ ಭೇದವನ್ನು ತರಗತಿಯಲ್ಲಿ ಒತ್ತಿ ಹೇಳಬೇಕು. ಸೂಚಕ ದೀಪದಿಂದಲೋ ಉದ್ದನೆಯ ತಂತಿಯಿಂದಲೋ ಬರುವ ಪ್ರವಾಹಕ್ಕೆ ಮಿತಿಯಿದೆ. ಅದು ಒಂದು ಮಿಲಿಆಂಪಿಯರಿನ ಆಚೆಗೆ ಹೋಗುವುದು ಅಪರೂಪ. ತಟಸ್ಥ ತಂತಿಯಲ್ಲಿ ಸ್ವಿಚ್ಚಿರುವ ಮನೆಯಲ್ಲಿ ಅಂಥ ಮಿತಿಯಿಲ್ಲ. ಬಲ್ಬು ಬದಲಿಸಲು ಹೋದವರ ಬೆರಳು ಹೋಲ್ಡರಿನ ಮೊನೆಗೆ ತಗುಲಿದರೆ, ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತಿದ್ದರೆ, ಪೂರ್ಣ 230 ವೋಲ್ಟು ದೇಹದ ಮೇಲೆ ಬೀಳುತ್ತದೆ. ದೇಹದ ಮೂಲಕ 30 ಮಿಲಿಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯುವುದು ಅಪಾಯಕರ. ಮನೆಗಳಿಗೆ ಹಾಕುವ ಆರ್‌ಸಿಸಿಬಿಯನ್ನು 30 ಮಿಲಿಆಂಪಿಯರಿಗೆ ನಿಗದಿಪಡಿಸಿರುವುದು ಇದಕ್ಕಾಗಿಯೇ. ಅದು ಟ್ರಿಪ್ ಆಗಲಿಲ್ಲವೆಂದರೆ ವೈರಿಂಗು ಸರಿಯಿದೆ ಎಂದು ಅರ್ಥವಲ್ಲ, ಏಕೆಂದರೆ ದೀಪವನ್ನು ಮಿನುಗಿಸುವ ಪ್ರವಾಹವು ಅದರ ಮಿತಿಗಿಂತ ಬಹಳ ಕೆಳಗಿರುತ್ತದೆ.

ಕಾರಣವನ್ನು ಗುರುತಿಸುವ ಕ್ರಮ

ಈ ಕೆಳಗಿನ ಹೆಜ್ಜೆಗಳಲ್ಲಿ ಮೊದಲ ಮೂರು ಬರಿಯ ವೀಕ್ಷಣೆ. ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ಬರೆದು ತರಬಹುದು. ನಾಲ್ಕನೆಯದನ್ನು ಮನೆಯ ಹಿರಿಯರು ಮಾಡಬೇಕು. ಐದನೆಯದು ಪರವಾನಗಿ ಹೊಂದಿದ ವೈರಿಂಗ್ ಕೆಲಸಗಾರರಿಗೆ ಮೀಸಲು.

1. ಬೆಳಕು ಹೇಗಿದೆ? ಆರಿಸಿದ ಮೇಲೆ ಕೆಲವು ಸೆಕೆಂಡುಗಳಲ್ಲಿ ಕ್ರಮೇಣ ಕುಂದಿ ಮಾಯವಾದರೆ ಅದು ಕೆಪಾಸಿಟರಿನಲ್ಲಿ ಉಳಿದ ಶೇಖರಣೆ, ಅಥವಾ ಎಲ್‌ಇಡಿಯ ಹಳದಿ ಲೇಪನದ ಉಳಿಬೆಳಕು. ಇದು ದೋಷವಲ್ಲ. ಅರ್ಧ ಗಂಟೆಯ ನಂತರವೂ ಮಿಂಚುತ್ತಿದ್ದರೆ ಅಥವಾ ಮಬ್ಬಾಗಿ ಬೆಳಗುತ್ತಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಕು.

2. ಒಂದೇ ದೀಪವೋ, ಎಲ್ಲವೋ? ಒಂದೇ ದೀಪವಾದರೆ ಆ ಸ್ವಿಚ್ಚು, ಆ ತಂತಿ ಅಥವಾ ಆ ಬಲ್ಬಿನ ವಿಷಯ. ಮೀಟರು, ಮೇನ್ ಬೋರ್ಡು ಅಥವಾ ಇನ್ವರ್ಟರಿನ ಕೆಲಸ ನಡೆದ ಬಳಿಕ ಮನೆಯ ಹಲವು ದೀಪಗಳು ಒಮ್ಮೆಲೇ ಮಿನುಗತೊಡಗಿದರೆ ಸಜೀವ ತಂತಿ, ತಟಸ್ಥ ತಂತಿಗಳು ಅದಲುಬದಲಾಗಿರುವ ಸಾಧ್ಯತೆಯಿದೆ. ಹಾಗಾದಾಗ ಮನೆಯ ಎಲ್ಲ ಸ್ವಿಚ್ಚುಗಳೂ ತಟಸ್ಥ ತಂತಿಯಲ್ಲಿ ಉಳಿದಂತಾಗುತ್ತದೆ. ಇದನ್ನು ಅಂದೇ ತಪಾಸಣೆ ಮಾಡಿಸಬೇಕು.

3. ಸ್ವಿಚ್ಚು ಯಾವ ಬಗೆಯದು? ಸೂಚಕ ದೀಪವಿದೆಯೇ, ಟಚ್ ಅಥವಾ ಸೆನ್ಸರ್ ಬಗೆಯದೇ, ಎರಡು ಕಡೆಯಿಂದ ನಿಯಂತ್ರಿಸುವ ದೀಪವೇ, ಹತ್ತಿರದ ಗೋಡೆ ಒದ್ದೆಯಾಗಿದೆಯೇ ಎಂಬುದನ್ನು ಮುಟ್ಟದೆ ನೋಡಿ ಬರೆದುಕೊಳ್ಳಬೇಕು.

4. ಮೇನ್ ಸ್ವಿಚ್ಚನ್ನು ಆಫ್ ಮಾಡಿದಾಗ ಏನಾಗುತ್ತದೆ? ಮಿನುಗು ನಿಂತರೆ ಪ್ರವಾಹ ಮನೆಯ ವೈರಿಂಗಿನಿಂದಲೇ ಬರುತ್ತಿತ್ತೆಂದು ಖಚಿತವಾಗುತ್ತದೆ. ಬದಲಿಗೆ ದೀಪ ಪ್ರಕಾಶಮಾನವಾಗಿ ಹತ್ತಿಕೊಂಡರೆ ಅದು ಒಳಗೆ ಬ್ಯಾಟರಿಯಿರುವ, ಕರೆಂಟು ಹೋದಾಗ ತಾನೇ ಹತ್ತುವ ಬಲ್ಬು. ಅದರ ವರ್ತನೆಯನ್ನು ಬೇರೆಯಾಗಿಯೇ ಎಣಿಸಬೇಕು. ಬೆರಳಿನಿಂದ ಎರಡು ಮೊನೆಗಳನ್ನು ಮುಟ್ಟಿದಾಗ ಹತ್ತುವ ಬಲ್ಬೂ ಇದೇ. ಮಕ್ಕಳು ಇದನ್ನು ಆಟವಾಗಿ ತೋರಿಸುತ್ತಾರೆ. ಸಾಮಾನ್ಯ ಬಲ್ಬನ್ನೂ ಹೋಲ್ಡರನ್ನೂ ಹಾಗೆ ಮುಟ್ಟಬಾರದೆಂದು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು.

5. ಸ್ವಿಚ್ಚಿಗೆ ಬರುವ ತಂತಿ ಸಜೀವ ತಂತಿಯೇ? ಇದು ನಿರ್ಣಾಯಕ ಪ್ರಶ್ನೆ. ಉತ್ತರವನ್ನು ಬೋರ್ಡು ಬಿಚ್ಚಿಯೇ ಕಂಡುಕೊಳ್ಳಬೇಕು. ಹೋಲ್ಡರಿಗೆ ಟೆಸ್ಟರ್ ಇಟ್ಟು ನೋಡಿದರೆ ಸಾಲದು. ಟೆಸ್ಟರಿನ ನಿಯಾನ್ ದೀಪವೂ ಅತ್ಯಲ್ಪ ಪ್ರವಾಹಕ್ಕೆ ಬೆಳಗುವುದರಿಂದ ನಿರಪಾಯಕರ ಸಂದರ್ಭದಲ್ಲೂ ಮಿನುಗಿ ದಾರಿ ತಪ್ಪಿಸಬಹುದು. ಹಳೆಯ ಕೆಂಪು ಮತ್ತು ಕಪ್ಪು ಬಣ್ಣಗಳನ್ನೂ ಪೂರ್ಣವಾಗಿ ನಂಬುವಂತಿಲ್ಲ. ಸಿಕ್ಕಿದ ಬಣ್ಣದ ತಂತಿಯಿಂದ ದುರಸ್ತಿ ಮಾಡಿದ ಮನೆಗಳು ಎಲ್ಲೆಡೆ ಇವೆ.

ಪರಿಹಾರಗಳು

ಸ್ವಿಚ್ಚು ತಟಸ್ಥ ತಂತಿಯಲ್ಲಿದ್ದರೆ ಅದನ್ನು ಸಜೀವ ತಂತಿಗೆ ಬದಲಿಸುವುದೊಂದೇ ಪರಿಹಾರ. ಬೇರೆ ಬಲ್ಬು ಹಾಕಿ ಮಿನುಗನ್ನು ಮರೆಮಾಡಿದರೆ ಅಪಾಯದ ಸೂಚನೆ ಅಳಿದು ಅಪಾಯ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ತಪಾಸಣೆ ಮುಗಿಯದೆ ಉಳಿದ ಉಪಾಯಗಳಿಗೆ ಕೈಹಾಕಬಾರದು.

ತೇವದಿಂದಾದರೆ ನೀರು ಬರುವ ದಾರಿಯನ್ನು ಮುಚ್ಚಿ, ಹಾಳಾದ ಸ್ವಿಚ್ಚನ್ನೂ ತಂತಿಯನ್ನೂ ಬದಲಿಸಬೇಕು. ಸೂಚಕ ದೀಪದಿಂದಾದರೆ ಸೂಚಕವಿಲ್ಲದ ಸ್ವಿಚ್ಚನ್ನು ಹಾಕಬಹುದು. ಉದ್ದನೆಯ ತಂತಿಯಿಂದಾದರೆ ದೀಪಕ್ಕೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡಿನ, ಪರ್ಯಾಯ ವಿದ್ಯುತ್ತಿನ 275 ವೋಲ್ಟಿಗೆಂದೇ ತಯಾರಾದ ಎಕ್ಸ್2 ದರ್ಜೆಯ ಕೆಪಾಸಿಟರನ್ನು ಕೆಲಸಗಾರರಿಂದ ಹಾಕಿಸಬಹುದು. ಇದರ ಪ್ರತಿರೋಧ 50 ಹರ್ಟ್ಸ್‌ನಲ್ಲಿ ಸುಮಾರು 32 ಸಾವಿರ ಓಮ್. 0.07 ಮಿಲಿಆಂಪಿಯರ್ ಪ್ರವಾಹ ಇದರಲ್ಲಿ ಹರಿದರೆ ದೀಪದ ತುದಿಗಳ ನಡುವೆ ಉಳಿಯುವ ವಿಭವಾಂತರ ಸುಮಾರು ಎರಡೂಕಾಲು ವೋಲ್ಟು ಮಾತ್ರ. ಡ್ರೈವರ್ ಎಚ್ಚರಗೊಳ್ಳಲು ಅದು ಸಾಲದು. ಒಂದೇ ಸ್ವಿಚ್ಚಿನಲ್ಲಿ ಹಲವು ದೀಪಗಳಿದ್ದರೂ ಸಾಮಾನ್ಯವಾಗಿ ಇಂಥದೊಂದು ಕೆಪಾಸಿಟರು ಸಾಕಾಗುತ್ತದೆ.

ವಿದ್ಯುತ್ತಿನ ಖರ್ಚಿನ ಬಗ್ಗೆ ಆತಂಕ ಬೇಡ. ಒಂದು ಮಿಲಿಆಂಪಿಯರ್ ಪ್ರವಾಹ ವರ್ಷವಿಡೀ ಹರಿದರೂ ಗರಿಷ್ಠ ಲೆಕ್ಕದಲ್ಲಿ ಸುಮಾರು ಎರಡು ಯೂನಿಟ್ ಆಗುತ್ತದೆ.

ತರಗತಿಯ ಪ್ರಯೋಗ

ಈ ವಿಷಯವನ್ನು ತೋರಿಸಲು ಮನೆಯ ವಿದ್ಯುತ್ತನ್ನು ಬಳಸಲೇಬಾರದು. ಎಲ್‌ಇಡಿ ಬಲ್ಬನ್ನು ಬಿಚ್ಚಿ ತೋರಿಸುವುದೂ ಬೇಡ. ಅದರ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟಿನವರೆಗೆ ಶೇಖರಣೆ ಉಳಿದಿರಬಹುದು. 9 ವೋಲ್ಟಿನ ಬ್ಯಾಟರಿ ಸಾಕು. ಜೊತೆಗೆ ಒಂದು ಕೆಂಪು ಎಲ್‌ಇಡಿ, ಒಂದು ಟಾರ್ಚಿನ ತಂತು ಬಲ್ಬು, ಒಂದು ಲಕ್ಷ ಓಮ್ ಮತ್ತು 330 ಓಮ್‌ನ ರೋಧಕಗಳು, 100 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರು ಬೇಕು.

ಮೊದಲ ಭಾಗ: ಬ್ಯಾಟರಿ, ಒಂದು ಲಕ್ಷ ಓಮ್‌ನ ರೋಧಕ, ಎಲ್‌ಇಡಿ ಇವುಗಳನ್ನು ಸರಣಿಯಲ್ಲಿ ಜೋಡಿಸಬೇಕು. ಎಲ್‌ಇಡಿಯ ಉದ್ದನೆಯ ಕಾಲು ಧನ ತುದಿಯ ಕಡೆಗಿರಲಿ. ಹರಿಯುವ ಪ್ರವಾಹ ಸುಮಾರು 0.07 ಮಿಲಿಆಂಪಿಯರ್. ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಕತ್ತಲಾಗಿಸಿದರೆ ಎಲ್‌ಇಡಿ ಮಬ್ಬಾಗಿ ಬೆಳಗುವುದು ಕಾಣುತ್ತದೆ. ಅದೇ ಸ್ಥಾನದಲ್ಲಿ ಟಾರ್ಚಿನ ಬಲ್ಬನ್ನು ಇಟ್ಟರೆ ಏನೂ ಕಾಣದು. ಬಲ್ಬು ಕೆಟ್ಟಿಲ್ಲವೆಂಬುದನ್ನು ಮೊದಲೇ ಟಾರ್ಚಿನಲ್ಲಿ ಹಾಕಿ ತೋರಿಸಿರಬೇಕು.

ಎರಡನೆಯ ಭಾಗ: ಎಲ್‌ಇಡಿಯನ್ನು ತೆಗೆದು ಅದರ ಸ್ಥಾನದಲ್ಲಿ ಕೆಪಾಸಿಟರನ್ನು ಜೋಡಿಸಬೇಕು. ಅದರ ಋಣ ಗುರುತಿನ ಕಾಲು ಬ್ಯಾಟರಿಯ ಋಣ ತುದಿಗೇ ಸೇರಬೇಕು. ಎಲ್‌ಇಡಿಯ ಉದ್ದನೆಯ ಕಾಲಿಗೆ 330 ಓಮ್‌ನ ರೋಧಕವನ್ನು ಕಟ್ಟಿ, ಗಿಡ್ಡ ಕಾಲನ್ನು ಕೆಪಾಸಿಟರಿನ ಋಣ ತುದಿಗೆ ಸೇರಿಸಬೇಕು. ಹದಿನೈದು ಸೆಕೆಂಡು ಎಣಿಸಿ, ರೋಧಕದ ಬಿಡಿ ತುದಿಯನ್ನು ಕೆಪಾಸಿಟರಿನ ಧನ ತುದಿಗೆ ಮುಟ್ಟಿಸಿದರೆ ಎಲ್‌ಇಡಿ ಫಳಕ್ಕನೆ ಮಿಂಚಿ ಕುಂದುತ್ತದೆ. ತುದಿಯನ್ನು ಬಿಡಿಸಿ ಮತ್ತೆ ಎಣಿಸಿದರೆ ಮತ್ತೊಂದು ಮಿಂಚು. ಐದು ಸೆಕೆಂಡಿಗೆ, ಹತ್ತು ಸೆಕೆಂಡಿಗೆ ಮುಟ್ಟಿಸಿ ಮಿಂಚಿನ ತೀವ್ರತೆಯನ್ನು ಹೋಲಿಸುವಂತೆ ಹೇಳಬಹುದು. ಇಲ್ಲಿ ಕೈ ಮಾಡುವ ಕೆಲಸವನ್ನು ಬಲ್ಬಿನಲ್ಲಿ ಡ್ರೈವರ್ ಮಾಡುತ್ತದೆ.

ಪದಗಳ ಬಳಕೆ

ಪಠ್ಯಪುಸ್ತಕದಲ್ಲಿ ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂದಿರುವುದನ್ನು ವೈರಿಂಗ್ ಕೆಲಸಗಾರರು ಫೇಸ್, ನ್ಯೂಟ್ರಲ್, ಅರ್ತ್ ಎಂದೇ ಕರೆಯುತ್ತಾರೆ. ಗಡಿನಾಡಿನಲ್ಲಿ ಕೆಲಸಗಾರರ ಮನೆಮಾತು ಮಲಯಾಳ, ತುಳು, ತಮಿಳು, ಮರಾಠಿ, ತೆಲುಗು ಏನೇ ಇರಲಿ, ಈ ಮೂರು ಪದಗಳು ಬದಲಾಗುವುದಿಲ್ಲ. ಎರಡೂ ಪದಗಳನ್ನು ಜೊತೆಯಾಗಿ ಹಲಗೆಯ ಮೇಲೆ ಬರೆಯಿಸಿದರೆ ಕನ್ನಡದಲ್ಲಿ ಕಲಿತದ್ದನ್ನು ವಿದ್ಯಾರ್ಥಿಯು ಮನೆಗೆ ಬಂದ ಕೆಲಸಗಾರನೊಡನೆ ಮಾತಾಡುವಾಗ ಬಳಸಬಲ್ಲನು: "ಸ್ವಿಚ್ಚು ಫೇಸಿನಲ್ಲಿದೆಯೋ, ನ್ಯೂಟ್ರಲಿನಲ್ಲಿದೆಯೋ ನೋಡುವಿರಾ?" ಎಂಬ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳಲು ಶಕ್ತನಾದರೆ ಈ ಪಾಠದ ಉದ್ದೇಶ ಈಡೇರಿದಂತೆ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಒಂದೇ ಅಲ್ಪ ಪ್ರವಾಹಕ್ಕೆ ಎಲ್‌ಇಡಿ ಬೆಳಗುತ್ತದೆ, ತಂತುದೀಪ ಬೆಳಗುವುದಿಲ್ಲ. ಏಕೆ?
2. ತಂತಿಗಳ ಉದ್ದ ಎರಡರಷ್ಟಾದರೆ ಮಿಂಚುಗಳ ನಡುವಿನ ಅಂತರ ಹೆಚ್ಚುವುದೋ, ಕಡಿಮೆಯಾಗುವುದೋ? ಕಾರಣ ಕೊಡಿ.
3. ಸ್ವಿಚ್ಚು ತಟಸ್ಥ ತಂತಿಯಲ್ಲಿರುವ ಮಂಡಲದ ಚಿತ್ರವನ್ನು ಬರೆದು, ದೀಪ ಆರಿದಾಗ 230 ವೋಲ್ಟಿನಲ್ಲಿ ಉಳಿಯುವ ಭಾಗಗಳನ್ನು ಕೆಂಪು ಬಣ್ಣದಿಂದ ಗುರುತಿಸಿ.
4. ಆರಿಸಿದ ದೀಪ ಮಿನುಗುತ್ತಿದ್ದುದರಿಂದ ಒಂದು ಮನೆಯಲ್ಲಿ ಬೇರೆ ಬಲ್ಬನ್ನು ಹಾಕಿದರು, ಮಿನುಗು ನಿಂತಿತು. ಆ ಮನೆ ಸುರಕ್ಷಿತವೆಂದು ಹೇಳಬಹುದೇ? ಚರ್ಚಿಸಿ.
5. ಬಲ್ಬು ಬದಲಿಸುವ ಮೊದಲು ಸ್ವಿಚ್ಚನ್ನು ಆಫ್ ಮಾಡುವುದರ ಜೊತೆಗೆ ಮೇನ್ ಸ್ವಿಚ್ಚನ್ನೂ ಆಫ್ ಮಾಡಬೇಕು ಎನ್ನುವುದೇಕೆ?